ಖಜೂರ್ ರಸ್ತೆಯ ಗಾಯಕರು

ರಾಕ್ ಸಂಗೀತವೆಂದರೆ ಗದ್ದಲವೆಂದು ಬಗೆದು ದೂರ ಸರಿಯುವವರು ನಮ್ಮ ಓರಗೆಯಲ್ಲಿ ಬಹುಮಂದಿ. ಮಠದ ಪಾಠಶಾಲೆಯಲ್ಲಿ ಹಾರ್ಮೋನಿಯಂ, ತಬಲಾಗಳ ನಾದ ಕೇಳುತ್ತ ಬೆಳೆದ ನಮಗೂ ಗಿಟಾರಿನ ಪರಿಚಯ ತಡವಾಗಿಯೇ ಆಯಿತು. ಆದರೆ ದಿಲ್ಲಿಯ ‘ಇಂಡಿಯನ್ ಓಷನ್’ ತಂಡದ ಹಾಡುಗಳನ್ನು ಆಲಿಸಿದ ಮೇಲೆ, ಅವುಗಳ ಹಿಂದಿನ ಬದುಕೂ ವಿಚಾರಾರ್ಹವೆಂದು ನಮಗೆ ತೋರಿತು.

ಗಿಟಾರ್ ವಾದಕ ಸುಸ್ಮಿತ್ ಸೇನ್ ಹಾಗೂ ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 1990ರಲ್ಲಿ ಈ ತಂಡವನ್ನು ಕಟ್ಟಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ನರ್ಮದಾ ಬಚಾವೋ ಆಂದೋಲನದಲ್ಲಿ ಪಾಲ್ಗೊಂಡಿದ್ದ ರಾಹುಲ್ ರಾಮ್ ಬಾಸ್ ಗಿಟಾರನ್ನು ಹಿಡಿದರು. ಅಮಿತ್ ಕಿಲಮ್ ಡ್ರಮ್ಸ್‌ಗೆ ಕುಳಿತರು. ನರ್ಮದಾ ತೀರದ ಜನಪದ ಗೀತೆ, ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಕಬೀರರ ಪದ ಎಲ್ಲವೂ ಇವರ ವಾದ್ಯಗಳೊಡನೆ ಬೆರೆತವು. 2000ದಲ್ಲಿ ‘ಕಂದೀಸಾ’, 2003ರಲ್ಲಿ ‘ಝೀನಿ’ ಧ್ವನಿಸುರುಳಿಗಳು ಹೊರಬಂದು ನಾಡಿನಾದ್ಯಂತ ಮನ್ನಣೆ ಗಳಿಸಿದವು.

ಮನ್ನಣೆ ಬಂದರೂ ಧ್ವನಿಮುದ್ರಣ ಕಂಪನಿಗಳಿಂದ ಕಲಾವಿದರ ಕೈಸೇರುವ ಪಾಲು ಅಲ್ಪ. ಅವರಿಗೆ ಅನ್ನವಿಕ್ಕಿದ್ದು ಕಛೇರಿಗಳು. ಕರೋಲ್‌ಬಾಗಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಅಭ್ಯಾಸವೇ ಆ ಕಛೇರಿಗಳ ಬಂಡವಾಳ.

2009ರ ಡಿಸೆಂಬರ್ 25ರಂದು ಅಶೀಮ್ ಹೃದಯಾಘಾತದಿಂದ ತೀರಿಕೊಂಡರು. ಮುಂದಿನ ಸಂಗ್ರಹಕ್ಕಾಗಿ ಅವರು ಹಾಡಿದ್ದ ಹಾಡುಗಳು ಉಳಿದಿದ್ದವು. ಗೆಳೆಯರು ಅವನ್ನು ಮಾರಲಿಲ್ಲ. 2010ರ ಜುಲೈನಿಂದ ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ನೀಡಿದರು. ಆ ಬಂಗಲೆಯ ವಿಳಾಸವಾದ ‘16/330 ಖಜೂರ್ ರೋಡ್’ ಎಂಬುದನ್ನೇ ಸಂಗ್ರಹಕ್ಕೆ ಹೆಸರಾಗಿಟ್ಟರು.

ಉಚಿತವಾಗಿ ಕೊಟ್ಟರೆ ಕಲೆ ಅಗ್ಗವಾಗದೆ ಎಂದು ಕೇಳುವವರುಂಟು. ಹಾಗಾಗದೆಂದೇ ನಮ್ಮ ಎಣಿಕೆ. ವೇದಿಕೆಯ ದುಡಿಮೆಗೆ ಅವರು ಸಂಭಾವನೆ ಪಡೆದೇ ಪಡೆದರು. ಬಿಟ್ಟುಕೊಟ್ಟದ್ದು ನಡುವಿನ ವರ್ತಕನ ಹಂಗನ್ನು. ಬೆವರಿನ ಗಳಿಕೆ ಒಂದೆಡೆ ಇದ್ದುದರಿಂದಲೇ ಇನ್ನೊಂದೆಡೆ ಕೈಬಿಚ್ಚಿ ಕೊಡಲು ಸಾಧ್ಯವಾಯಿತು. ಗಳಿಕೆಯಿಲ್ಲದ ಔದಾರ್ಯ ಹೆಚ್ಚು ಕಾಲ ಬಾಳದು.

ಮುಂದೆ ಹಿಮಾಂಶು ಜೋಶಿ ಗಾಯನಕ್ಕೂ ತುಹೀನ್ ಚಕ್ರವರ್ತಿ ತಬಲಾಕ್ಕೂ ಬಂದರು. 2013ರಲ್ಲಿ ಸುಸ್ಮಿತ್ ಅವರೇ ತಂಡವನ್ನು ತೊರೆದಾಗ ನಿಖಿಲ್ ರಾವ್ ಗಿಟಾರಿಗೆ ಬಂದರು. ಕಟ್ಟಿದ ಇಬ್ಬರೂ ಇಲ್ಲದೆ 2014ರಲ್ಲಿ ‘ತಂದಾನು’, 2023ರಲ್ಲಿ ‘ತೂ ಹೈ’ ಹೊರಬಂದವು.

ಮಗನೋ ಮಗಳೋ ವಾದ್ಯ ಹಿಡಿದು, ಇದೇ ನನ್ನ ಬಾಳು ಎಂದಾಗ ತಾಯ್ತಂದೆಯರ ಎದೆ ನಡುಗುವುದು ಸಹಜ. ಎಷ್ಟು ಗಳಿಸುವೆ ಎಂದು ಕೇಳುವುದು ತಪ್ಪಲ್ಲ. ಅದರೊಡನೆ ಇನ್ನೂ ಎರಡನ್ನು ಕೇಳಬೇಕು: ದಿನವೂ ಅಭ್ಯಾಸಕ್ಕೆ ಕೂರುವ ನೆಲೆ ಯಾವುದು? ಕಷ್ಟ ಬಂದಾಗ ನಿನ್ನೊಡನೆ ನಿಲ್ಲುವವರು ಯಾರು? ಇವೆರಡಕ್ಕೂ ಉತ್ತರವುಳ್ಳ ಮಕ್ಕಳನ್ನು ತಡೆಯುವುದು ತರವಲ್ಲ.