ವೈದ್ಯವಿದ್ಯೆಯ ಹೊಸ್ತಿಲಲ್ಲಿ

ವೈದ್ಯರಾಗಬೇಕೆಂಬ ಹಂಬಲವು ಕುಂದಾಪುರ ಸೀಮೆಯ ಮಕ್ಕಳಿಗೆ ಹೊಸತಲ್ಲ. ಆ ಹಂಬಲವನ್ನು ಹೊತ್ತು ಹೋಗುವ ದಾರಿ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 1950ರ ಸುಮಾರಿನಲ್ಲಿ ಇಲ್ಲಿಯ ಹುಡುಗನೊಬ್ಬನು ಡಾಕ್ಟರಾಗಬಯಸಿದರೆ ಮದರಾಸಿನತ್ತ ಮುಖಮಾಡುವುದು ವಾಡಿಕೆಯಾಗಿತ್ತು. ಏಕೆಂದರೆ ದಕ್ಷಿಣ ಕನ್ನಡವು 1956ರವರೆಗೆ ಮದರಾಸು ರಾಜ್ಯದ ಜಿಲ್ಲೆ. ಕಲ್ಯಾಣಪುರದಲ್ಲಿ 1898ರಲ್ಲಿ ಜನಿಸಿದ ಡಾ. ಟಿ. ಎಂ. ಎ. ಪೈಯವರು ಸಹ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಊರಿಗೆ ಮರಳಿದವರೇ. ಅವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಮದರಾಸಿನ ದೂರವು ಒಂದು ಬಸ್ಸಿನ ಪ್ರಯಾಣದಷ್ಟಕ್ಕೆ ಇಳಿಯಿತು. 1963ರಲ್ಲಿ ಕುಂದಾಪುರದಲ್ಲಿಯೇ ಭಂಡಾರ್ಕಾರ್ಸ್ ಕಾಲೇಜು ಆರಂಭವಾದ ಮೇಲೆ ವಿಜ್ಞಾನದ ಓದಿಗೆಂದು ಉಡುಪಿಗೋ ಮಂಗಳೂರಿಗೋ ಹೋಗಿ ನಿಲ್ಲುವ ಕಷ್ಟವೂ ತಗ್ಗಿತು.

ದೂರವು ತಗ್ಗಿದಷ್ಟು ಸುಲಭವಾಗಿ ವೆಚ್ಚವು ತಗ್ಗಲಿಲ್ಲ. ಸೀಟಿಗೆ ಇಂತಿಷ್ಟು ಎಂದು ಹಣ ಪಡೆಯುವ ಪದ್ಧತಿಯನ್ನು ತಡೆಯಲು ಕರ್ನಾಟಕ ಸರಕಾರವು 1984ರಲ್ಲಿ ಕಾಯಿದೆ ಮಾಡಿತು. 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಖಾಸಗಿ ಕಾಲೇಜುಗಳ ಹಕ್ಕು ಎಷ್ಟು, ಸರಕಾರದ ನಿಯಂತ್ರಣ ಎಷ್ಟು ಎಂಬ ವಿವಾದವು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠದವರೆಗೆ ಹೋಗಿ 2002ರಲ್ಲಿ ತೀರ್ಪಾಯಿತು; ಟಿ. ಎಂ. ಎ. ಪೈ ಫೌಂಡೇಶನ್ನಿನ ಹೆಸರಿನಲ್ಲಿಯೇ ಆ ಮೊಕದ್ದಮೆಯು ಇಂದಿಗೂ ಪ್ರಸಿದ್ಧವಾಗಿದೆ. 2016ರ ಬಳಿಕ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾಗಿ ನೀಟ್ ನೆಲೆಗೊಂಡಿತು. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯುವ ಅವಕಾಶ ದೊರೆತಿದೆ. ಇಷ್ಟೆಲ್ಲ ಆದ ಮೇಲೂ ಹಳ್ಳಿಯ ಮನೆಯೊಂದರಲ್ಲಿ ಹುಟ್ಟುವ ಪ್ರಶ್ನೆಗಳು ಸರಳವಾಗಿಲ್ಲ.

ಬೈಂದೂರಿನ ಕಡೆಯ ಒಬ್ಬ ವಿದ್ಯಾರ್ಥಿನಿಯ ಸಂಗತಿಯಿಂದ ಇದು ತಿಳಿದೀತು. ತಂದೆಗೆ ಒಂದಿಷ್ಟು ಬೈಲುಗದ್ದೆ, ಕೆಲವು ತೆಂಗಿನ ಮರ. ಮಗಳು ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಬಳಿಕ ಕುಂದಾಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಪಿ.ಯು.ಸಿ. ಮುಗಿಸಿದವಳು. ಬ್ರಹ್ಮಾವರದಲ್ಲಿರುವ ಸೋದರಮಾವನೊಬ್ಬನೇ ಆ ಮನೆತನದಲ್ಲಿ ಕಚೇರಿಯ ವ್ಯವಹಾರ ಬಲ್ಲವನು. ಮಗಳು ಡಾಕ್ಟರಾಗುವೆನೆಂದಾಗ ತಂದೆಗೆ ಮೊದಲು ಹೊಳೆದುದು ಮಣಿಪಾಲ. “ಮಣಿಪಾಲಕ್ಕೆ ಹೋರೆ ದಿನಾ ಮನಿಗೆ ಬಪ್ಪುಕಾತ್ತಲ್ದಾ ಮಗಾ” ಎಂದು ಅವನು ಕೇಳಿದನು. ಅವನ ಲೆಕ್ಕವು ತಪ್ಪೆನ್ನುವಂತಿರಲಿಲ್ಲ; ಅದು ಮೈಲಿಯ ಲೆಕ್ಕವಾಗಿತ್ತು.

ಆದರೆ ವೈದ್ಯಕೀಯ ಪ್ರವೇಶದಲ್ಲಿ ಹತ್ತಿರ ದೂರಗಳನ್ನು ಅಳೆಯುವ ಕೋಲು ಬೇರೆಯೇ ಇದೆ. ಮಣಿಪಾಲದ ಸಂಸ್ಥೆಯು 1993ರಿಂದ ಪರಿಗಣಿತ ವಿಶ್ವವಿದ್ಯಾಲಯ. ಅಂಥ ಸಂಸ್ಥೆಗಳ ಸೀಟುಗಳನ್ನು ಕೇಂದ್ರದ ಕೌನ್ಸೆಲಿಂಗ್ ಸಮಿತಿಯು ಇಡೀ ದೇಶದ ಅಭ್ಯರ್ಥಿಗಳಿಗೆ ಹಂಚುತ್ತದೆ. ಉಡುಪಿ ಜಿಲ್ಲೆಯವರೆಂಬ ಕಾರಣಕ್ಕೆ ಅಲ್ಲಿ ಮೀಸಲು ಇಲ್ಲ. ಈಚಿನ ವರ್ಷಗಳಲ್ಲಿ ಇಂಥ ಕಡೆ ಶುಲ್ಕವು ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗಳನ್ನು ಬಹಳವಾಗಿ ಮೀರಿದೆ. ಬೆಳಗಾವಿಯಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಮೈಸೂರಿನಲ್ಲಿ 1984ರಲ್ಲಿ ಆರಂಭವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ಇವೂ ಇಂದು ಪರಿಗಣಿತ ವಿಶ್ವವಿದ್ಯಾಲಯಗಳ ಅಂಗಗಳೇ. ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪನೆಯಾದ ಜೆ.ಜೆ.ಎಂ. ಕಾಲೇಜಿನಂಥ ಖಾಸಗಿ ಕಾಲೇಜುಗಳ ವ್ಯವಸ್ಥೆ ಬೇರೆ. ಅಂಥಲ್ಲಿ ಸಾಮಾನ್ಯವಾಗಿ ಸೇಕಡಾ 40ರಷ್ಟು ಸೀಟುಗಳು ಸರಕಾರಿ ಕೋಟಾಕ್ಕೆ ಸೇರಿ, ಒಂದೂವರೆ ಲಕ್ಷದ ಆಸುಪಾಸಿನ ಶುಲ್ಕಕ್ಕೆ ದೊರೆಯುತ್ತವೆ. ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕುಳಿತ ಇನ್ನೊಬ್ಬನು ಖಾಸಗಿ ಕೋಟಾದಲ್ಲಿ ಅದರ ಹಲವು ಪಟ್ಟು ತೆತ್ತಿರುತ್ತಾನೆ.

ಉಳಿದುದು ಸರಕಾರಿ ಕಾಲೇಜು. ಅಲ್ಲಿಯ ವಾರ್ಷಿಕ ಶುಲ್ಕವು ಒಂದು ಲಕ್ಷದ ಒಳಗೇ ಇದೆ. ಸೇಕಡಾ 85ರಷ್ಟು ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರಾಜ್ಯದ ಅಭ್ಯರ್ಥಿಗಳಿಗೆ ಹಂಚುತ್ತದೆ. 15ರಷ್ಟು ಅಖಿಲ ಭಾರತ ಪಾಲು. ಬೈಂದೂರಿನವರಿಗೆ ಉತ್ತರಕ್ಕೆ, ರೈಲಿನ ದಾರಿಯಲ್ಲಿಯೇ, 2016ರಲ್ಲಿ ಆರಂಭವಾದ ಕಾರವಾರದ ಕಾಲೇಜು ಇದೆ. ಘಟ್ಟ ಹತ್ತಿದರೆ ಶಿವಮೊಗ್ಗ, ಹಾಸನ, ಹುಬ್ಬಳ್ಳಿ; ಇನ್ನೂ ಮುಂದೆ ಬೀದರ, ರಾಯಚೂರು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸೇಕಡಾ 70ರಷ್ಟು ಸೀಟುಗಳು ಸಂವಿಧಾನದ 371ಜೆ ವಿಧಿಯಂತೆ ಅಲ್ಲಿಯವರಿಗೇ ಮೀಸಲು ಎಂಬುದನ್ನೂ ಕರಾವಳಿಯ ಅಭ್ಯರ್ಥಿಯು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟಾದರೂ ಸೀಟು ದೊರೆತರೆ, ಈ ಮನೆಯ ಮಟ್ಟಿಗೆ ಮಣಿಪಾಲಕ್ಕಿಂತ ಬೀದರವೇ ಹತ್ತಿರವಾಗಿತ್ತು. ತಂದೆಗೆ ಇದು ಅರ್ಥವಾಗಲು ಒಂದು ಬೇಸಿಗೆಯೇ ಹಿಡಿಯಿತು.

ಹುಡುಗಿಯ ಮೊದಲ ಪರೀಕ್ಷೆಯು 2024ರ ಮೇ 5ರಂದು ನಡೆಯಿತು. ಆ ವರ್ಷದ ಗೊಂದಲವನ್ನು ಯಾವ ತಂದೆತಾಯಿಗಳೂ ಮರೆತಿರಲಾರರು. 23 ಲಕ್ಷಕ್ಕೂ ಮಿಕ್ಕಿ ಮಕ್ಕಳು ಬರೆದ ಪರೀಕ್ಷೆಯಲ್ಲಿ 720ಕ್ಕೆ 720 ಪಡೆದವರೇ ಮೊದಲ ಪ್ರಕಟಣೆಯಂತೆ 67 ಮಂದಿ. ಪ್ರಶ್ನೆಪತ್ರಿಕೆ ಬಯಲಾದ ದೂರುಗಳು ನ್ಯಾಯಾಲಯಕ್ಕೆ ಹೋದವು. ಮರುಪರೀಕ್ಷೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು ಜುಲೈ 23ರಂದು ಹೇಳುವವರೆಗೆ ಆ ಮನೆಯಲ್ಲಿ ಯಾರೊಬ್ಬರೂ ಮುಂದಿನ ಮಾತಾಡಲಿಲ್ಲ. ಅವಳಿಗೆ ಬಂದ ಅಂಕಗಳು ಹಿಂದಿನ ವರ್ಷವಾಗಿದ್ದರೆ ಸಾಕಾಗಬಹುದಿತ್ತು. ಆ ವರ್ಷ ಸಾಲಲಿಲ್ಲ. ಅಂಕ ಬೇರೆ, ರ‍್ಯಾಂಕ್ ಬೇರೆ ಎಂಬುದು ಮನೆಮಂದಿಗೆ ಆಗ ಮನವರಿಕೆಯಾಯಿತು.

ಸರಕಾರಿ ಸೀಟು ದೊರೆಯಲಿಲ್ಲ. ಖಾಸಗಿ ಕೋಟಾದ ಸೀಟು ಮಾತ್ರ ಕೈಗೆಟಕುವಂತಿತ್ತು. ತಂದೆಯು ಬೈಲುಗದ್ದೆಯನ್ನು ಮಾರುವ ಮಾತೆತ್ತಿದನು. ಕೊಳ್ಳುವವರೂ ಸಿದ್ಧರಿದ್ದರು. ಮಾವನು ಬ್ರಹ್ಮಾವರದಿಂದ ಬಂದು ಲೆಕ್ಕ ಹಾಕಿದನು: ಗದ್ದೆಯನ್ನು ಮಾರಿದರೆ ಬರುವ ಹಣ ಎರಡು ವರ್ಷಕ್ಕೆ ಸಾಲುತ್ತದೆ, ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಆಸ್ತಿಯನ್ನು ಒತ್ತೆಯಿಡದೆ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವ ವಿದ್ಯಾಸಾಲವು ಏಳೂವರೆ ಲಕ್ಷದವರೆಗೆ. ಒಂದು ವರ್ಷದ ಶುಲ್ಕಕ್ಕೂ ಅದು ಮುಟ್ಟದು. ತಾಯಿ ಮಾತಾಡಲಿಲ್ಲ. ಕಡೆಗೆ ಬೇಡವೆಂದವಳು ಮಗಳೇ. ಗದ್ದೆ ಹೋದ ಮೇಲೆ ಅಪ್ಪಯ್ಯನು ಏನು ಮಾಡುವನೆಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲವಾದ್ದರಿಂದ, ಇನ್ನೊಂದು ವರ್ಷ ಓದುವೆನು, ಒಂದೇ ವರ್ಷ, ಆಗದಿದ್ದರೆ ಬೇರೆ ವಿದ್ಯೆ ಹಿಡಿಯುವೆನು ಎಂದು ಅವಳು ಹೇಳಿದಳು.

ಆ “ಬೇರೆ ವಿದ್ಯೆ” ಎಂಬುದನ್ನು ಅವಳು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆದಿಟ್ಟಳು. ಉಡುಪಿಯಲ್ಲಿ 1958ರಿಂದ ಇರುವ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮೊದಲಾದವುಗಳ ಪ್ರವೇಶಕ್ಕೂ ನೀಟ್ ಪರೀಕ್ಷೆಯ ರ‍್ಯಾಂಕೇ ಆಧಾರ. ಪಶುವೈದ್ಯ, ಔಷಧ ವಿಜ್ಞಾನ, ನರ್ಸಿಂಗ್ ಇವುಗಳಿಗೆ ರಾಜ್ಯದ ಸಿ.ಇ.ಟಿ. ಬೇರೆ ಬರೆಯಬೇಕು. ನೀಟ್ ಬರೆದ ಮಾತ್ರಕ್ಕೆ ಎಲ್ಲ ಬಾಗಿಲೂ ತಾನಾಗಿ ತೆರೆಯುವುದಿಲ್ಲ. ರಾಜ್ಯದ ಸೀಟಿಗೆ ಪ್ರಾಧಿಕಾರದಲ್ಲಿ ಒಂದು ನೋಂದಣಿ, ಅಖಿಲ ಭಾರತ ಪಾಲಿಗೆ ಕೇಂದ್ರದ ಸಮಿತಿಯಲ್ಲಿ ಇನ್ನೊಂದು. ಇದನ್ನರಿಯದೆ ಒಳ್ಳೆಯ ರ‍್ಯಾಂಕ್ ಬಂದರೂ ಸರದಿಯಿಂದ ಹೊರಗುಳಿಯುವ ಅಪಾಯವಿದೆ.

ಆ ವರ್ಷದಲ್ಲಿಯೇ ಹಳೆಯ ಶಾಲೆಯ ಮಹತ್ತ್ವವು ಮನೆಯವರ ಅರಿವಿಗೆ ಬಂದುದು. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹರಿಗೆ ರಾಜ್ಯದ ಸೀಟುಗಳಲ್ಲಿ ಸೇಕಡಾ 15, ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸೇಕಡಾ 5 ಮೀಸಲಾತಿ ಉಂಟು. ಹತ್ತು ಎಂದರೆ ಹತ್ತೇ. ಅವಳ ನೆರೆಮನೆಯ ಗೆಳತಿಯನ್ನು ಎಂಟನೆಯ ತರಗತಿಗೆ ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸಲಾಗಿತ್ತು; ಮಗಳ ಏಳಿಗೆಗೆಂದೇ ಮಾಡಿದ ಆ ಬದಲಾವಣೆಯಿಂದ ಎರಡು ಮೀಸಲಾತಿಗಳೂ ಕೈತಪ್ಪಿದ್ದವು. ಅದನ್ನು ಆ ತಂದೆತಾಯಿಗಳಿಗೆ ಆಗ ಹೇಳಿದವರು ಯಾರೂ ಇರಲಿಲ್ಲ. ಇವಳ ತಂದೆಯು ಮಗಳನ್ನು ಕನ್ನಡ ಶಾಲೆಯಲ್ಲಿ ಉಳಿಸಿದ್ದು ಯೋಜನೆಯಿಂದಲ್ಲ, ಬಡತನದಿಂದ. ಆದರೂ ಅದೇ ಕಡೆಗೆ ಆಸರೆಯಾಯಿತು. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕವನ್ನು ತೆಗೆದು ವ್ಯಾಸಂಗ ಪ್ರಮಾಣಪತ್ರ ಬರೆದುಕೊಟ್ಟರು. ಕ್ಷೇತ್ರಶಿಕ್ಷಣಾಧಿಕಾರಿಗಳು ಮೇಲುರುಜು ಹಾಕಿದರು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹಿಂದೆ ಕುಂದಾಪುರದ ತಾಲೂಕು ಕಚೇರಿಗೆ ಅಲೆಯಬೇಕಿತ್ತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದ ಮೇಲೆ ಆ ಅಲೆದಾಟ ಕಡಿಮೆಯಾಗಿದೆ.

2025ರ ಮೇ 4ರ ಪರೀಕ್ಷೆಯಲ್ಲಿ ಭೌತಶಾಸ್ತ್ರವು ಬಲು ಕಠಿಣವಾಗಿತ್ತು. 180 ಪ್ರಶ್ನೆ, 180 ನಿಮಿಷ. ಸರಿಯುತ್ತರಕ್ಕೆ ನಾಲ್ಕಂಕ, ತಪ್ಪಿದರೆ ಒಂದಂಕ ಕಡಿತ. ದೇಶಕ್ಕೇ ಮೊದಲಿಗನಾದವನ ಅಂಕ 686ಕ್ಕೆ ನಿಂತಿತು. ಹುಡುಗಿಯ ಅಂಕ ಹಿಂದಿನ ವರ್ಷಕ್ಕಿಂತ ಕಡಿಮೆ ಬಂದಿತು, ತಾಯಿ ಅತ್ತಳು. ಆದರೆ ರ‍್ಯಾಂಕ್ ಬಹಳ ಮೇಲೇರಿತ್ತು.

ಮುಂದಿನ ಕೆಲಸ ಕಾಲೇಜುಗಳ ಆಯ್ಕೆಯ ಪಟ್ಟಿ. ಇದನ್ನು ಅನೇಕರು ಗಡಿಬಿಡಿಯಲ್ಲಿ, ಸೈಬರ್ ಅಂಗಡಿಯವನ ಕೈಯಲ್ಲಿ ತುಂಬಿಸಿ ಬರುವುದುಂಟು. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತ ಹೋಗಿ, ರ‍್ಯಾಂಕಿಗೆ ಮೊದಲು ದೊರೆತುದನ್ನು ಪ್ರಾಧಿಕಾರವು ಕೊಡುತ್ತದೆ. ಅದರ ಕೆಳಗಿನ ಆಯ್ಕೆಗಳು ತಾವಾಗಿ ಬಿದ್ದುಹೋಗುತ್ತವೆ. ಆದುದರಿಂದ ಸಿಗಲಾರದೆಂಬ ಅಂಜಿಕೆಯಿಂದ ಇಷ್ಟದ ಕಾಲೇಜನ್ನು ಕೆಳಗಿಡುವುದೂ, ಶುಲ್ಕ ತೆರಲಾಗದ ಕಾಲೇಜನ್ನು ಇರಲಿ ಎಂದು ನಡುವೆ ಬರೆಯುವುದೂ ಸಲ್ಲದು. ಹುಡುಗಿ, ತಂದೆ, ಮಾವ ಮೂವರೂ ಕುಳಿತು ಮೂರು ಸಂಜೆ ಪಟ್ಟಿ ಬರೆದರು. ಪ್ರತಿ ಹೆಸರಿನ ಎದುರಿಗೆ ಶುಲ್ಕ, ಹಾಸ್ಟೆಲಿನ ಖರ್ಚು, ಆ ಆಸ್ಪತ್ರೆಗೆ ಬರುವ ರೋಗಿಗಳ ಸಂಖ್ಯೆ ಇವನ್ನು ವಿಚಾರಿಸಿ ಬರೆದುಕೊಂಡರು. ಕಟ್ಟಡದ ಅಂದವನ್ನು ಬರೆಯಲಿಲ್ಲ. ರೋಗಿಗಳು ತುಂಬಿದ ಆಸ್ಪತ್ರೆಯಲ್ಲಿ ಕಲಿಯುವ ವಿದ್ಯೆ ಎಂದೂ ಕಡಿಮೆಯದಲ್ಲವೆಂದು ಕುಂದಾಪುರದ ಡಾಕ್ಟರೊಬ್ಬರು ಅವಳಿಗೆ ಹೇಳಿದ್ದರು.

ಘಟ್ಟದ ಮೇಲಿನ ಒಂದು ಸರಕಾರಿ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ ಅವಳಿಗೆ ಸೀಟು ದೊರೆಯಿತು. ಪಟ್ಟಿಯಲ್ಲಿ ಅದು ಏಳನೆಯ ಹೆಸರು. ಗದ್ದೆ ಉಳಿಯಿತು.

ಎಲ್ಲರ ಕಥೆಯೂ ಹೀಗೆಯೇ ಕೊನೆಗೊಳ್ಳುವುದಿಲ್ಲ. ಒಂದು ವರ್ಷ ಕಾದು ಮತ್ತೆ ಸೀಟು ದೊರೆಯದವರು ದೊರೆತವರಿಗಿಂತ ಬಹಳ ಹೆಚ್ಚು. ಅವರಲ್ಲಿ ಯೋಗ್ಯತೆ ಕಡಿಮೆಯೆಂದು ಯಾರೂ ತಿಳಿಯಲಾಗದು. ಆದರೆ ರ‍್ಯಾಂಕ್ ಸಾಲದೆ ಸೋಲುವುದು ಬೇರೆ, ತಿಳಿವಳಿಕೆ ಸಾಲದೆ ಸೋಲುವುದು ಬೇರೆ. ಮೊದಲನೆಯದಕ್ಕೆ ವಿದ್ಯಾಸಂಸ್ಥೆಯೊಂದು ಮಾಡಬಹುದಾದುದು ಸ್ವಲ್ಪ. ಎರಡನೆಯದು ಒಂದು ಮಗುವಿಗೂ ಆಗದಂತೆ ನೋಡಿಕೊಳ್ಳುವುದು ಶಾಲೆಯ ಅಳವಿನೊಳಗಿನ ಕೆಲಸ.

ಎಂಟನೆಯ ತರಗತಿಗೆ ಮಗುವನ್ನು ಬಿಡಿಸಿಕೊಂಡು ಹೋಗಲು ಬಂದ ಪಾಲಕರಿಗೆ ವರ್ಗಾವಣೆ ಪತ್ರ ಕೊಡುವ ಮುನ್ನ ಹತ್ತು ವರ್ಷದ ನಿಯಮವನ್ನು ತಿಳಿಸುವುದಕ್ಕೆ ಅಧ್ಯಾಪಕರಿಗೆ ಐದು ನಿಮಿಷ ಸಾಕು. ವೈದ್ಯರಾಗಿ ನೆಲೆಗೊಂಡ ಹಳೆಯ ವಿದ್ಯಾರ್ಥಿಗಳು ಪರೀಕ್ಷೆಯ ಫಲಿತಾಂಶದ ತಿಂಗಳಿನಲ್ಲಿ ಒಂದು ಭಾನುವಾರ ಶಾಲೆಗೆ ಬಂದು ಕುಳಿತರೆ, ಅರ್ಜಿ ತುಂಬುವ ಮನೆಗಳಿಗೆ ಒಬ್ಬ ಸೋದರಮಾವ ದೊರೆತಂತಾಗುತ್ತದೆ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಸರಕಾರಿ ಸೀಟು ದೊರೆತೂ ಮೊದಲ ಕಂತನ್ನು ಗಡುವಿನೊಳಗೆ ಕಟ್ಟಲು ಹಣವಿಲ್ಲದ ಮಗುವಿಗೆಂದು ಒಂದು ಸಣ್ಣ ನಿಧಿಯನ್ನು ಇರಿಸಬಹುದು. ಆ ಹಣ ಬೇಕಾಗುವುದು ಕೆಲವೇ ದಿನಗಳ ಮಟ್ಟಿಗೆ. ಆದರೆ ಆ ದಿನಗಳಲ್ಲಿ ಅದು ಸಿಗದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ.