ಹೇನು ಹತ್ತಿದ ಕುಡಿ

ಓಣಂಗೆ ಮುಂಚಿನ ವಾರಗಳಲ್ಲಿ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಕೇರಳದವರ ಫೋಟೊ ಸಂಭ್ರಮ. ನನಗೆ ಬೇಕಾದದ್ದು ಬದುವಿನ ಪಕ್ಕದ ತಡಗುಣಿ ಸಾಲು. ಅದರಲ್ಲೂ ಕರಿಹೇನು ಮುತ್ತಿ ಮುರುಟಿಹೋದ ಕುಡಿ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹೂನೊಣ ಕಾಯುವುದೇ ನನ್ನ ಖಯಾಲಿ.

ಅದರ ಹಳದಿ-ಕಪ್ಪು ಪಟ್ಟೆ ನೋಡಿದರೆ ಕಣಜವೆಂದು ಯಾರಾದರೂ ಬೆದರಬೇಕು. ಇರುವುದು ಎರಡೇ ರೆಕ್ಕೆ, ಕೊಂಡಿಯಿಲ್ಲ, ಬರೀ ವೇಷ. ನೆರಳು ಬಿದ್ದರೆ ಮಾಯ, ಅಲುಗದೆ ಕೂತರೆ ಮತ್ತೆ ಅಲ್ಲೇ ಗಾಳಿಯಲ್ಲಿ ನಿಂತಿರುತ್ತದೆ. ಗಂಡಿನ ಕಣ್ಣುಗಳು ನೆತ್ತಿಯಲ್ಲಿ ಕೂಡುತ್ತವೆ, ಹೆಣ್ಣಿನವು ಬಿಡಿಬಿಡಿ. ಇಷ್ಟು ಗುರುತಿಸಲು ಬಂದ ಮೇಲೆ ಈ ಚಟ ಬಿಡುವುದು ಕಷ್ಟ. ಒತ್ತುದಳದ ಚೆಂಡುಹೂವು ಇದಕ್ಕೆ ಅಷ್ಟಕ್ಕಷ್ಟೆ. ಮೂತಿ ಗಿಡ್ಡ, ಹಾಗಾಗಿ ಹುಚ್ಚೆಳ್ಳು, ಕೊತ್ತಂಬರಿಯಂಥ ತೆರೆದ ಹೂವಿನ ಮಕರಂದ, ಪರಾಗವೇ ಊಟ.

ಆದರೆ ಬೇಟೆಗಾರ ಈ ಚೆಲುವೆಯಲ್ಲ, ಅವಳ ಮರಿ. ತಾಯಿ ಹೇನಿನ ಗುಂಪು ಹುಡುಕಿ ನುಚ್ಚಕ್ಕಿಯಂಥ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೋಗುತ್ತಾಳೆ. ಹೊರಬರುವ ಹುಳಕ್ಕೆ ಕಾಲಿಲ್ಲ, ಕಣ್ಣಿಲ್ಲ. ತಲೆಯನ್ನು ಅತ್ತಿತ್ತ ಬೀಸುತ್ತ ತಡಕುತ್ತದೆ. ಹೇನು ತಗುಲಿತೋ, ಕಚ್ಚಿ ಮೇಲೆತ್ತಿ, ಹೀರಿ, ಸಿಪ್ಪೆ ಬಿಸಾಕುತ್ತದೆ. ಕೋಶ ಕಟ್ಟುವ ಮುನ್ನ ಒಂದೊಂದು ಹುಳ ನೂರಾರು ಹೇನು ಮುಗಿಸುತ್ತದೆ. ಹಗಲು ಎಲೆಯಡಿ ಅಡಗುವುದೇ ಹೆಚ್ಚು. ಟಾರ್ಚು, ಭೂತಗನ್ನಡಿ ಹಿಡಿದು ಕತ್ತಲಾದ ಮೇಲೆ ಹೋಗುವುದೇ ಲೇಸು.

ಹಾಗೆ ಕೂತಿದ್ದಾಗ ಹೊಲದವರೊಬ್ಬರು ಬಂದರು. ‘ಅದ್ಯಾನ ಸಾ ಹುಡುಕ್ತಿದ್ದೀರಿ?’

‘ಹೇನು ತಿನ್ನೋ ಹುಳ ಕಣಪ್ಪ.’

ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ಬಗ್ಗಿ ನೋಡಿ, ‘ಎತ್ಕೊಂಡು ಹೀರ್ತಾ ಅದೆ! ನಾವು ಎಲೆ ತಿನ್ನೋ ಹುಳ ಅಂತ ಔಸ್ತಿ ಹೊಡೀತಿದ್ದೊ’ ಎಂದರು. ಮರುಗಳಿಗೆಯೇ, ‘ಇದು ತಿಂದು ಮುಗಿಸೋಗಂಟ ನನ್ನ ಬೆಳೆ?’

ನ್ಯಾಯವಾದ ಪ್ರಶ್ನೆ. ಹೇನಿಗೆ ಗಂಡಿನ ಹಂಗೂ ಇಲ್ಲ, ಮೊಟ್ಟೆಯ ರಗಳೆಯೂ ಇಲ್ಲ; ಹೆಣ್ಣು ನೇರ ಮರಿ ಹಾಕುತ್ತಲೇ ಇರುತ್ತದೆ. ಅದು ಸುರಿಸುವ ಸಿಹಿ ಅಂಟಿಗೆ ಇರುವೆಗಳ ಕಾವಲು ಬೇರೆ. ಹೂನೊಣ ಯಾವಾಗಲೂ ತುಸು ತಡವಾಗಿ ಬರುವ ನೆಂಟ. ಔಷಧಿ ಹೊಡೆದರೆ ಎರಡೂ ಸಾಯುತ್ತವೆ, ಮೊದಲು ಮರಳುವುದು ಹೇನೇ. ಮುತ್ತಿದ ಕುಡಿಗಳನ್ನಷ್ಟೇ ಚಿವುಟಿ, ಹುಳವಿರುವ ಕುಡಿ ಬಿಡಿ ಎಂದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಕೋಶವಿದ್ದ ಎಲೆಯೊಂದನ್ನು ಚಾಮರಾಜನಗರಕ್ಕೆ ತಂದು, ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದೆ. ನೊಣ ಬರಲೇ ಇಲ್ಲ. ಹಿಂಗಾಲಿಗೆ ಕೆಂಪು, ಬಿಳಿ, ಕಪ್ಪು ಪಟ್ಟೆಯ ಒಂದು ಕಣಜ ಬಂತು. ಹೂನೊಣ ಮರಿಹುಳವಾಗಿದ್ದಾಗಲೇ ಅದರೊಳಗೆ ಮೊಟ್ಟೆ ಸೇರಿಸಿದ ಡಿಪ್ಲಾಜಾನ್ ಜಾತಿಯದು. ಬೇಟೆಗಾರನಿಗೂ ಬೇಟೆಗಾರ! ಈಗ ಅದರ ತಾಯಿ ಮೊಟ್ಟೆಯಿಡುವುದನ್ನು ನೋಡಬೇಕು, ತಡಗುಣಿ ಮುಗಿಯುವುದರೊಳಗೆ.