ತಲೆ ಮೇಲಿನ ಪೈಪು ಬೆಸೆದವರು ಯಾರು?



ಇವತ್ತು ಒಳಮೀಸಲಾತಿ, ರೋಸ್ಟರ್, ಬ್ಯಾಕ್‌ಲಾಗ್ ಯಾವುದೂ ಬೇಡ. ಕಬ್ಬಿಣದ ಬಗ್ಗೆ ಬರೀತೀನಿ. ಇದೂ ಅದೇ ವಿಷಯ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಹಾ ಎಸ್‌ಎಇ ಇಂಡಿಯಾ ಅಂತ ಒಂದು ಸ್ಪರ್ಧೆ ಇದೆ. ನಮ್ಮ ಹುಡುಗರು ಬಾಜಾ ಅಂತಾರೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದದ್ದು, ಇಲ್ಲಿಗೆ 2007ರಲ್ಲಿ ಬಂತು. ಮಧ್ಯಪ್ರದೇಶದ ಪೀತಂಪುರದಲ್ಲಿ ನಡೀತಿತ್ತು. ವಿದ್ಯಾರ್ಥಿಗಳೇ ಒಬ್ಬರು ಕೂರೋ ಒಂದು ಆಫ್-ರೋಡ್ ಗಾಡಿ ಕಟ್ಟಬೇಕು. ಆಗ ಎಂಜಿನ್ ಎಲ್ಲರಿಗೂ ಒಂದೇ ಇತ್ತು, 10 ಅಶ್ವಶಕ್ತಿಯ 305 ಸಿಸಿ ಬ್ರಿಗ್ಸ್ ಆಂಡ್ ಸ್ಟ್ರಾಟನ್. ಮಿಕ್ಕಿದ್ದು ಅಂದ್ರೆ ಚೌಕಟ್ಟು, ಗೇರ್‌ಬಾಕ್ಸ್, ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲ ನಮ್ಮದೇ. ಕೊನೆಗೆ ಕಲ್ಲು ಮಣ್ಣು ಗುಂಡಿಗಳ ಮೇಲೆ ನಾಲ್ಕು ಗಂಟೆ ಓಡಿಸಬೇಕು.

ಮೂರನೇ ವರ್ಷದಲ್ಲಿ ನಾನು ಆ ಟೀಮಿಗೆ ಸೇರಿದೆ. ಕಾಲೇಜಿನ ಹೆಸರು ಬೇಡ, ಎಲ್ಲ ಕಾಲೇಜಿನ ಕಥೆಯೂ ಇದೇ. ಟೀಮಿನಲ್ಲಿ ಎರಡು ಭಾಗ ಇತ್ತು. ಒಂದು ಡಿಸೈನ್, ಇನ್ನೊಂದು ಫ್ಯಾಬ್ರಿಕೇಷನ್. ಡಿಸೈನ್‌ನವರಿಗೆ ಎ.ಸಿ. ಲ್ಯಾಬು, ಲ್ಯಾಪ್‌ಟಾಪು. ಫ್ಯಾಬ್ರಿಕೇಷನ್‌ನವರಿಗೆ ತಗಡಿನ ಶೆಡ್ಡು. ಮೊದಲನೇ ದಿನವೇ ಕ್ಯಾಪ್ಟನ್ ನನ್ನನ್ನ ನೋಡಿ ಅಂದ: 'ನೀನು ವೆಲ್ಡಿಂಗ್ ಕಡೆ ಇರು ಮಗಾ, ನಿಮ್ಮಪ್ಪ ಅದೇ ಕೆಲಸ ಅಲ್ವಾ.'

ಅವನು ಬೈದಿದ್ದಲ್ಲ. ಬಹಳ ಪ್ರೀತಿಯಿಂದಲೇ ಅಂದ. ಅದೇ ನೋಡಿ ತಮಾಷೆ. ಒಂದು ಕೆಟ್ಟ ಮಾತೂ ಆಡದೆ ಒಬ್ಬನನ್ನ ಅವನ ಅಪ್ಪನ ಶೆಡ್ಡಿಗೆ ವಾಪಸ್ ಕಳಿಸಬಹುದು.

ಅಪ್ಪ ವೆಲ್ಡಿಂಗ್ ಮಾಡ್ತಿದ್ದದ್ದು ನಿಜ. ಟ್ರ್ಯಾಕ್ಟರ್ ಟ್ರೈಲರ್ ಕಟ್ಟೋ ಶೆಡ್ಡಿನಲ್ಲಿ ಇಪ್ಪತ್ತು ವರ್ಷ. ಹೈಸ್ಕೂಲ್ ರಜೆಗಳಲ್ಲಿ ನಾನೂ ಅಲ್ಲೇ. ಅಪ್ಪ ಹೇಳಿಕೊಟ್ಟ ಮೊದಲ ಪಾಠ ಕಿವಿಯದ್ದು. ಎಲೆಕ್ಟ್ರೋಡು ಸರಿಯಾದ ದೂರದಲ್ಲಿದ್ದರೆ ಎಣ್ಣೆಯಲ್ಲಿ ಬಜ್ಜಿ ಕರಿದ ಹಾಗೆ ಒಂದೇ ಸಮ ಸದ್ದು ಬರುತ್ತೆ. ಸದ್ದು ಒಡೆದರೆ ಬೆಸುಗೆಯೂ ಒಡೆಯುತ್ತೆ. ಕರೆಂಟ್ ಎಷ್ಟು ಆಂಪಿಯರ್ ಅಂತ ಅಪ್ಪ ಮೀಟರ್ ನೋಡಿ ಹೇಳಿದ್ದನ್ನ ನಾನು ಕಂಡಿಲ್ಲ.

ಈಗ ಚೌಕಟ್ಟಿನ ವಿಷಯಕ್ಕೆ ಬರೋಣ. ಈ ಗಾಡಿಯ ಚೌಕಟ್ಟಿಗೆ ರೋಲ್ ಕೇಜ್ ಅಂತಾರೆ. ಗಾಡಿ ಪಲ್ಟಿ ಹೊಡೆದರೆ ಒಳಗಿರೋನ ತಲೆ ಉಳಿಸೋ ಪಂಜರ ಅದು. ನಿಯಮ ಬಲು ಕಟ್ಟುನಿಟ್ಟು. ಹೆಲ್ಮೆಟ್ಟಿಗೂ ಪೈಪಿಗೂ ನಡುವೆ 6 ಇಂಚು ಜಾಗ ಇರಲೇಬೇಕು. ಉಕ್ಕಿನಲ್ಲಿ ಕನಿಷ್ಠ 0.18 ಶೇಕಡಾ ಇಂಗಾಲ ಇರಬೇಕು. ಮುಖ್ಯ ಪೈಪುಗಳು 25.4 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ ಇರಬೇಕು. ಇಲ್ಲ ಅಂದ್ರೆ, ಬೇರೆ ಅಳತೆಯ ಪೈಪು ಬಾಗುವಿಕೆಗೆ ಅಷ್ಟೇ ತಡೆಯುತ್ತೆ ಅಂತ ಲೆಕ್ಕ ತೋರಿಸಬೇಕು.

ಲೆಕ್ಕ ನಾನೂ ಹಾಕಿದ್ದೆ, ಹಾಸ್ಟೆಲ್‌ನಲ್ಲಿ, ನೋಟ್‌ಬುಕ್ಕಿನಲ್ಲಿ. 4130 ಅನ್ನೋ ಕ್ರೋಮ್-ಮಾಲಿ ಉಕ್ಕು ತಗೊಂಡು 29.2 ಮಿ.ಮೀ. ವ್ಯಾಸ, 1.65 ಮಿ.ಮೀ. ದಪ್ಪದ ಪೈಪು ಹಾಕಿದರೆ ಬಾಗುವಿಕೆಯ ಬಿಗಿ ಅಷ್ಟೇ ಬರುತ್ತೆ, ಸ್ವಲ್ಪ ಜಾಸ್ತಿನೇ. ಆದರೆ ಮೀಟರಿಗೆ 1.66 ಕೆ.ಜಿ. ಬದಲು 1.12 ಕೆ.ಜಿ. ಮೂರನೇ ಒಂದು ಭಾಗ ತೂಕ ಉಳಿತಾಯ. 10 ಅಶ್ವಶಕ್ತಿಯ ಗಾಡಿಗೆ ಇದು ದೊಡ್ಡ ವಿಷಯ. ದಪ್ಪ ಕಮ್ಮಿ ಮಾಡಿ ವ್ಯಾಸ ಹೆಚ್ಚಿಸಿದರೆ ಕಬ್ಬಿಣ ನಡುವಿನಿಂದ ದೂರ ಸರಿಯುತ್ತೆ, ಅದಕ್ಕೇ ಬಲ. ಬಿದಿರು ಟೊಳ್ಳಾಗಿದ್ದೂ ಗಟ್ಟಿ ಯಾಕೆ ಅಂದ್ರೆ ಇದೇ ಕಾರಣ.

ಆದರೆ ತೆಳು ಪೈಪು ಬೆಸೆಯೋದು ಕಷ್ಟ. ಒಂದು ಪೈಪು ಇನ್ನೊಂದನ್ನ ಸೇರೋ ಕಡೆ ಅದರ ತುದಿಯನ್ನ ಮೀನಿನ ಬಾಯಿ ಥರ ಕತ್ತರಿಸಬೇಕು. ಸಂದಿ 1 ಮಿ.ಮೀ. ಮೀರಿದರೆ ತೂತು ಬೀಳುತ್ತೆ. ಟಿಗ್ ವೆಲ್ಡಿಂಗೇ ಆಗಬೇಕು, ಅದರಲ್ಲಿ ಬಜ್ಜಿ ಸದ್ದಿಲ್ಲ. ಕಿವಿಯ ಪಾಠ ಬಿಟ್ಟು ಕಣ್ಣಿನ ಪಾಠ ಕಲಿಯಬೇಕು, ಕರಗಿದ ಗುಂಡಿ ಹೊಳೆಯೋದನ್ನ ನೋಡ್ತಾ ತಂತಿ ಅದ್ದಬೇಕು. ಒಂದೇ ಕಡೆ ಪೂರ್ತಿ ಬೆಸೆದರೆ ಶಾಖಕ್ಕೆ ಚೌಕಟ್ಟು ಎಳೆದುಕೊಳ್ಳುತ್ತೆ. ಅದಕ್ಕೆ ಮೊದಲು ಇಡೀ ಪಂಜರ ಚುಕ್ಕಿ ಚುಕ್ಕಿ ಹಿಡಿಸಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಸರದಿ ಪ್ರಕಾರ ಬೆಸೆಯಬೇಕು. ಬಿಸಿ ಇರುವಾಗ ನೀರು ಹಾಕೋ ಹಾಗಿಲ್ಲ, ಗಾಳಿಯಲ್ಲೇ ನಿಧಾನ ಆರಬೇಕು. ನೀರು ಬಿದ್ದರೆ ಕ್ರೋಮ್-ಮಾಲಿ ಗಾಜಿನ ಥರ ಪೆಡಸಾಗಿ ಬಿರಿಯುತ್ತೆ.

ಒಂದೂವರೆ ತಿಂಗಳು. ಹಗಲು ಕ್ಲಾಸು, ರಾತ್ರಿ ಶೆಡ್ಡು.

ಗೇರ್‌ಬಾಕ್ಸ್ ಕಥೆ ಬೇರೆ. ಆಗ ಹಲವು ಟೀಮುಗಳು ಮಹೀಂದ್ರ ಆಲ್ಫಾ ಆಟೋದ ಗೇರ್‌ಬಾಕ್ಸ್ ತಂದು ಕೂರಿಸುತ್ತಿದ್ದರು. ಗಟ್ಟಿ, ಆದರೆ ಭಾರ. ನಾವು ಸಿವಿಟಿ ಹಾಕಿ, ಅದರ ಹಿಂದೆ ನಮ್ಮದೇ ಎರಡು ಹಂತದ ಗೇರ್‌ಬಾಕ್ಸ್ ಮಾಡಿಸಿದೆವು. 18 ಹಲ್ಲಿನ ಚಕ್ರ 51 ಹಲ್ಲಿನದನ್ನ ತಿರುಗಿಸುತ್ತೆ, ಮತ್ತೆ ಅದೇ ಜೋಡಿ. ಒಟ್ಟು 8ಕ್ಕೆ 1. ಯಾಕೆ 18? ಸಾಮಾನ್ಯ 20 ಡಿಗ್ರಿ ಹಲ್ಲಿನಲ್ಲಿ 17ಕ್ಕಿಂತ ಕಮ್ಮಿ ಹಲ್ಲು ಕತ್ತರಿಸಿದರೆ ಬುಡ ಕೊರೆದು ಹೋಗಿ ಹಲ್ಲು ಬಲ ಕಳಕೊಳ್ಳುತ್ತೆ. ಎಂಜಿನ್ 3800 ಸುತ್ತು ಸುತ್ತುವಾಗ, ಸಿವಿಟಿ 0.9ರಲ್ಲಿದ್ದರೆ, 23 ಇಂಚಿನ ಟೈರಿಗೆ ಗಂಟೆಗೆ ಸುಮಾರು 58 ಕಿ.ಮೀ. ವೇಗ. ಅದೇ ಸಿವಿಟಿ ಕೆಳಗಿನ ಅನುಪಾತಕ್ಕೆ ಇಳಿದಾಗ ಗೋಡೆಯಂಥ ದಿಬ್ಬ ಹತ್ತುತ್ತೆ. ಹಲ್ಲು ಕತ್ತರಿಸಿದ್ದು ಪೀಣ್ಯದ ಒಂದು ಸಣ್ಣ ಶಾಪಿನಲ್ಲಿ. ಅಲ್ಲಿ ಹಾಬಿಂಗ್ ಮಷೀನ್ ಮುಂದೆ ನಿಂತಿದ್ದ ಹಿರಿಯರು ನಮ್ಮ ಡ್ರಾಯಿಂಗ್ ನೋಡಿ, ಬೇರಿಂಗ್ ಕೂರೋ ಜಾಗದ ಅಳತೆಯಲ್ಲಿ ಸಂದು ಜಾಸ್ತಿ ಇದೆ ಅಂತ ಬೆರಳಿಟ್ಟು ತೋರಿಸಿದರು. ಡ್ರಾಯಿಂಗಿಗೆ ಡಿಸೈನ್ ಟೀಮಿನ ಮೂರು ಸಹಿ ಇತ್ತು. ಅವರಿಗೆ ಏಳನೇ ಕ್ಲಾಸು.

ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಜ್ಜ ನೆನಪಾದ. ಅಜ್ಜ ತೊಗಲಿನ ಕೆಲಸದವನು. ನೇಗಿಲಿಗೂ ನೊಗಕ್ಕೂ ನಡುವಿನ ಮಿಣಿ, ಎತ್ತಿನ ಕೊರಳಿನ ಜತ್ತಿಗೆ, ಕಪಿಲೆ ಬಾವಿಯ ತೊಗಲ ಬಾನಿ ಮಾಡಿಕೊಡುತ್ತಿದ್ದ. ಸ್ವಲ್ಪ ಯೋಚನೆ ಮಾಡಿ. ಎತ್ತು ಅಂದ್ರೆ ಎಂಜಿನ್. ನೇಗಿಲು ಅಂದ್ರೆ ಕೆಲಸ ಆಗೋ ಜಾಗ. ಎಳೆಯೋ ಬಲವನ್ನ ಇಲ್ಲಿಂದ ಅಲ್ಲಿಗೆ ಸಾಗಿಸಿದ್ದು ಆ ಮಿಣಿ. ಅದಕ್ಕೇ ಅಲ್ವಾ ಇಂಗ್ಲಿಷಿನಲ್ಲಿ ಡ್ರೈವ್‌ಟ್ರೇನ್ ಅನ್ನೋದು? ಕಾರ್ಖಾನೆಗಳಲ್ಲೂ ಮೊದಮೊದಲು ಒಂದೇ ಉದ್ದ ದಂಡದಿಂದ ಪ್ರತಿ ಮಷೀನಿಗೂ ಬಲ ಹೋಗುತ್ತಿದ್ದದ್ದು ಚರ್ಮದ ಬೆಲ್ಟಿನಲ್ಲೇ. ಇವತ್ತು ಸಿವಿಟಿಯಲ್ಲಿ ರಬ್ಬರ್ ಬೆಲ್ಟು.

ಎಳೆತಕ್ಕೆ ಮಿಣಿ ಎಷ್ಟು ಹಿಗ್ಗುತ್ತೆ, ನೆನೆದರೆ ಏನಾಗುತ್ತೆ, ಎಲ್ಲಿ ಮೊದಲು ಕಿತ್ತು ಬರುತ್ತೆ ಅಂತ ಅಜ್ಜನಿಗೆ ಗೊತ್ತಿತ್ತು. ಇದನ್ನ ಓದಿ ಪಾಸಾದರೆ ಮೆಟೀರಿಯಲ್ ಸೈನ್ಸ್. ಕೈಯಲ್ಲಿ ತಿಳಿದಿದ್ದರೆ ಜಾತಿ ಕಸುಬು.

ಅಜಂತಾ ಸುಬ್ರಮಣಿಯನ್ ಅವರ 'ದ ಕಾಸ್ಟ್ ಆಫ್ ಮೆರಿಟ್' 2019ರಲ್ಲಿ ಬಂದ ಪುಸ್ತಕ, ಐಐಟಿ ಬಗ್ಗೆ. ಬ್ರಿಟಿಷರ ಕಾಲದಲ್ಲೇ ನಮ್ಮ ತಾಂತ್ರಿಕ ಶಿಕ್ಷಣ ಎರಡಾಗಿ ಸೀಳಿಕೊಂಡದ್ದನ್ನ ಅದು ವಿವರಿಸುತ್ತೆ. ಕುಶಲಕರ್ಮಿ ಜಾತಿಗಳಿಗೆ ಕೈಕೆಲಸದ ಶಾಲೆ, ಮೇಲ್ಜಾತಿಗಳಿಗೆ ಎಂಜಿನಿಯರಿಂಗ್ ಕಾಲೇಜು. ಕಬ್ಬಿಣ ಮುಟ್ಟದವರು ಕಬ್ಬಿಣದ ಯಜಮಾನರಾದರು. ಜಾತಿ ಅನ್ನೋದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ಹಂಚಿಡುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ಹೇಳಿದ್ದರು. ನಮ್ಮ ಟೀಮಿನ ಲ್ಯಾಬು ಮತ್ತು ಶೆಡ್ಡಿನ ನಡುವೆ ಇದ್ದದ್ದು ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆಯಲ್ಲಿ ಇದೆಲ್ಲ ಇತ್ತು.

ಈಗ ಮುಖ್ಯ ಮಾತು. ಬಾಹಾ ನಿಯಮದಲ್ಲಿ ಒಂದು ಕಲಮು ಇದೆ, ನನಗೆ ತುಂಬಾ ಇಷ್ಟ. ಪಂಜರದ ಬೆಸುಗೆ ಮಾಡಿದ ಪ್ರತಿಯೊಬ್ಬರೂ ತಮ್ಮ ಕೈಯಾರೆ ಎರಡು ಮಾದರಿ ಬೆಸೆದು ತೋರಿಸಬೇಕು, ಅದೇ ಪೈಪು, ಅದೇ ವಿಧಾನದಲ್ಲಿ. ಮೊದಲನೆಯದು 90 ಡಿಗ್ರಿ ಜೋಡಣೆ. ಅದನ್ನ ಮುರಿಯುವ ತನಕ ಎಳೀತಾರೆ. ಮುರಿದರೆ ಪೈಪು ಮುರಿಯಬೇಕು, ಬೆಸುಗೆ ಬಿಡಬಾರದು. ಎರಡನೆಯದು 30 ಡಿಗ್ರಿ ಜೋಡಣೆ. ಅದನ್ನ ಉದ್ದಕ್ಕೆ ಸೀಳಿ ಬೆಸುಗೆ ಒಳಗೆ ಎಷ್ಟು ಇಳಿದಿದೆ ಅಂತ ನೋಡ್ತಾರೆ. ಇಲ್ಲಿ ಸರ್‌ನೇಮ್ ನಡೆಯಲ್ಲ, ಇಂಗ್ಲಿಷ್ ನಡೆಯಲ್ಲ, ಪ್ರಸೆಂಟೇಷನ್ ನಡೆಯಲ್ಲ.

ಆದರೆ ದಾಖಲೆ ತುಂಬುವಾಗ ನಮ್ಮ ಫ್ಯಾಕಲ್ಟಿ ಅಡ್ವೈಸರ್ ಅಂದರು, 'ವೆಲ್ಡರ್ ಹೆಸರಿನ ಜಾಗದಲ್ಲಿ ಹೊರಗಿನ ವರ್ಕ್‌ಶಾಪಿನ ಹೆಸರು ಹಾಕೋಣ, ಪ್ರೊಫೆಷನಲ್ ಆಗಿ ಕಾಣುತ್ತೆ.' ಕ್ಯಾಪ್ಟನ್ ತಲೆ ಆಡಿಸಿದ. ನಾನು ಒಪ್ಪಲಿಲ್ಲ. ಜಗಳ ಆಡಲಿಲ್ಲ, ನಿಯಮದ ಪುಸ್ತಕ ತೆಗೆದು ಆ ಪುಟ ಟೇಬಲ್ ಮೇಲಿಟ್ಟೆ. ಬೆಸೆದವನೇ ಮಾದರಿ ಮಾಡಬೇಕು ಅಂತಿದೆ ಸಾರ್, ಆ ವರ್ಕ್‌ಶಾಪಿನವರನ್ನ ಕರೆಸಿ ಮಾಡಿಸ್ತೀರಾ ಅಂತ ಕೇಳಿದೆ. ಸುಮ್ಮನಾದರು. ನನ್ನ ಹೆಸರು ಹೋಯಿತು. ಮಾದರಿ ಎಳೆದಾಗ ಪೈಪು ಹರಿಯಿತು, ಬೆಸುಗೆ ಹಾಗೇ ನಿಂತಿತ್ತು.

ಸ್ಪರ್ಧೆಗೆ ಹೋಗೋ ಹದಿನೈದು ದಿನ ಮುಂಚೆ ಒಣಗಿದ ಕೆರೆ ಅಂಗಳದಲ್ಲಿ ಟೆಸ್ಟಿಂಗ್ ಇತ್ತು. ನಮ್ಮ ಡ್ರೈವರ್ ಒಳ್ಳೇ ಹುಡುಗ, ನನ್ನ ಜೊತೆ ಒಂದೇ ಬೆಂಚು. ಆದರೆ ಒಂದ್ಸಲ ನಮ್ಮೂರಿಗೆ ಬಂದಾಗ ಅಮ್ಮ ಕೊಟ್ಟ ನೀರನ್ನ ಕುಡಿಯದೆ ಹಾಗೇ ಕಟ್ಟೆ ಮೇಲಿಟ್ಟು ಎದ್ದಿದ್ದ. ಆವತ್ತು ಏರಿಯ ಪಕ್ಕ ತಿರುವಿನಲ್ಲಿ ಗಾಡಿ ಒಂದು ಚಕ್ರ ಎತ್ತಿ ಪೂರ್ತಿ ಪಲ್ಟಿ ಹೊಡೀತು. ಓಡಿದೆವು. ಅವನು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ಆ 6 ಇಂಚು ಹಾಗೇ ಇತ್ತು. ಒಂದು ಗೀರೂ ಇಲ್ಲದೆ ಹೊರಗೆ ಬಂದ. ಆಮೇಲೆ ನಾನು ಟಾರ್ಚ್ ಹಿಡಿದು ಒಂದೊಂದೇ ಜೋಡಣೆ ನೋಡಿದೆ, ಬಿರುಕಿರಲಿಲ್ಲ.

ನಾನು ಬೆಸೆದ ಕಬ್ಬಿಣ ಅವನ ತಲೆ ಕಾಯಿತು. ನಮ್ಮ ಲೋಟದ ನೀರು ಮಾತ್ರ ಆಗಲಿಲ್ಲ. ಇದರ ಬಗ್ಗೆ ಅವನೂ ಮಾತಾಡಲಿಲ್ಲ, ನಾನೂ ಎತ್ತಲಿಲ್ಲ. ಇಂಥ ಲೆಕ್ಕ ದೇಶದ ತುಂಬಾ ಇದೆ. ಸೇತುವೆ, ಮೆಟ್ರೋ ಪಿಲ್ಲರ್, ಶಾಲೆಯ ತಾರಸಿ. ಯಾರ ಕೈ ಬೆಸೆದದ್ದು ಅಂತ ಕೇಳಿ ಯಾರೂ ಅದರ ಕೆಳಗೆ ನಿಲ್ಲೋದಿಲ್ಲ.

ಪೀತಂಪುರದಲ್ಲಿ ಗೆದ್ದೆವಾ ಅಂತ ಕೇಳ್ತೀರಿ. ಮೂರೂವರೆ ಗಂಟೆ ಓಡಿತು. ಆಮೇಲೆ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದು, ಗ್ರೀಸು ಸೋರಿ, ಮಣ್ಣು ಸೇರಿ ಜಾಯಿಂಟು ಹೋಯಿತು. ಚೌಕಟ್ಟು, ಗೇರ್‌ಬಾಕ್ಸ್ ಎರಡಕ್ಕೂ ಏನೂ ಆಗಲಿಲ್ಲ.

ಹಾಸ್ಟೆಲ್‌ಗಳಲ್ಲಿರೋ ತಮ್ಮಂದಿರಿಗೆ, ತಂಗಿಯರಿಗೆ ಒಂದೆರಡು ಮಾತು.

ಇಂಥ ಟೀಮುಗಳಿಗೆ ಸೇರಿ. ಸೇರುವಾಗ ಎರಡೂ ಕೇಳಿ. ಟಾರ್ಚೂ ನಮ್ಮ ಕೈಲಿರಬೇಕು, ಮೌಸೂ ನಮ್ಮ ಕೈಲಿರಬೇಕು. 'ನಿನಗೆ ಕೈಕೆಲಸ ಚೆನ್ನಾಗಿ ಬರುತ್ತೆ' ಅಂದ್ರೆ ಥ್ಯಾಂಕ್ಸ್ ಹೇಳಿ, ಕ್ಯಾಡ್ ಲ್ಯಾಬಿನ ಕೀಲಿಯನ್ನೂ ಕೇಳಿ. ನೀವು ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ದಾಖಲೆಯಲ್ಲಿ ಬಂತಾ ಅಂತ ಕಣ್ಣಾರೆ ನೋಡಿ. ಅಪ್ಪನ ಕಸುಬಿನ ಬಗ್ಗೆ ನಾಚಿಕೆ ಬೇಡ, ಆದರೆ ಅದನ್ನೇ ನಿಮ್ಮ ಹಣೆಬರಹ ಅಂತ ಯಾರಾದರೂ ಬರೆಯೋಕೆ ಬಂದರೆ ಬಿಡಬೇಡಿ.

ಸಂಘಟನೆಯ ಗೆಳೆಯರಿಗೆ ಇನ್ನೊಂದು. ನಮ್ಮ ಟೀಮಿಗೆ ತಲಾ ಹದಿನೈದು ಸಾವಿರ ಹಾಕಬೇಕಿತ್ತು. ಅಪ್ಪ ಸಾಲ ಮಾಡಿ ಕೊಟ್ಟ. ನನ್ನ ಜೊತೆ ಬರಬೇಕಿದ್ದ ಇಬ್ಬರು ಅದಕ್ಕೇ ಹಿಂದೆ ಸರಿದರು, ಇಬ್ಬರೂ ನನಗಿಂತ ಗಣಿತದಲ್ಲಿ ಚುರುಕು. ನಮ್ಮ ರಾಜ್ಯದಲ್ಲಿ 2013ರಿಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣದ ಬಗ್ಗೆ ಡಿಸಿ ಕಚೇರಿ ಮುಂದೆ ಕೂರುವಾಗ ರಸ್ತೆ, ಸಮುದಾಯ ಭವನದ ಜೊತೆ ಇದನ್ನೂ ಪಟ್ಟಿಗೆ ಸೇರಿಸೋಣ: ಹಾಸ್ಟೆಲ್ ಮಕ್ಕಳಿಗೆ ಲ್ಯಾಪ್‌ಟಾಪು, ಸಾಫ್ಟ್‌ವೇರು, ಇಂಥ ಸ್ಪರ್ಧೆಗಳ ಶುಲ್ಕ, ಜಿಲ್ಲೆಗೊಂದು ಸುಸಜ್ಜಿತ ವರ್ಕ್‌ಶಾಪು. ಮುಂದಿನ ಸಭೆಯಲ್ಲಿ ನಾನೇ ಇದನ್ನ ಎತ್ತುತ್ತೇನೆ. ನಿಮ್ಮ ಕಾಲೇಜಿನ ಅನುಭವ ಇದ್ದರೆ ಕಾಮೆಂಟಿನಲ್ಲಿ ಬರೀರಿ, ಮನವಿ ತಯಾರಿಸುವಾಗ ಬೇಕಾಗುತ್ತೆ.

ಜೈ ಭೀಮ್.